ಆರಾಮಕುರ್ಚಿಯ ಸವಾರಿ

ನಮ್ಮ ಕಡೆಯಲ್ಲಿ ‘ಕ್ರೂಸರ್’ ಎಂಬ ಶಬ್ದಕ್ಕೆ ನಿಶ್ಚಿತವಾದ ಒಂದು ಅರ್ಥವುಂಟು. ಮದುವೆಯ ದಿಬ್ಬಣವನ್ನೋ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಭಕ್ತರನ್ನೋ, ಹನ್ನೆರಡು ಜನರ ಜಾಗದಲ್ಲಿ ಇಪ್ಪತ್ತು ಜನರನ್ನು ತುಂಬಿಕೊಂಡು, ನೆತ್ತಿಯ ಮೇಲೆ ಬುಟ್ಟಿ ಬೋಗುಣಿಗಳನ್ನು ಕಟ್ಟಿಸಿಕೊಂಡು ಓಡುವ ಬಾಡಿಗೆಯ ಗಾಡಿಗೆ ಆ ಹೆಸರು. ಆದುದರಿಂದ ಎರಡು ವರ್ಷಗಳ ಹಿಂದೆ ನನ್ನ ಅಕ್ಕನ ಮಗ ಊರಿಗೆ ಫೋನು ಮಾಡಿ, “ಅಪ್ಪಾ, ನಾ ಒಂದು ಕ್ರೂಸರ್ ತೊಗೊಂಡೆ” ಎಂದು ಹೇಳಿದಾಗ, ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ಎರೆಭೂಮಿಯ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಭಾವನವರು ಆ ಸುದ್ದಿಯನ್ನು ಒಂದು ಗಳಿಗೆಯೊಳಗೆ ಓಣಿಗೆಲ್ಲ ಮುಟ್ಟಿಸಿದರು. ಮಗ ನೌಕರಿಯ ಜೊತೆಗೆ ಬಾಡಿಗೆಯ ಉದ್ಯೋಗಕ್ಕೂ ಕೈಹಾಕಿದನೆಂದು ಅವರಿಗೆ ಹಿಗ್ಗು. ಭರತ ಹುಣ್ಣಿವೆಯ ಜಾತ್ರೆಗೆ ಎಷ್ಟು ಖೇಪು ಹೊಡೆಯಬಹುದೆಂಬ ಲೆಕ್ಕವೂ ಮನಸ್ಸಿನಲ್ಲಿ ಆಗಿಹೋಗಿತ್ತು. ಸಂಜೆ ಅವರೇ ತಿರುಗಿ ಫೋನು ಮಾಡಿದರು.

“ಎಷ್ಟ ಮಂದಿ ಕೂಡ್ತಾರೋ ಅದರಾಗ?”

“ಇಬ್ಬರು, ಅಪ್ಪಾ.”

ಆಮೇಲೆ ಬಹಳ ಹೊತ್ತಿನವರೆಗೆ ಆ ಕಡೆಯಿಂದ ಮಾತು ಬರಲಿಲ್ಲವಂತೆ.

ಮುಂದಿನ ಆದಿತ್ಯವಾರ ಹುಡುಗ ಆ ವಾಹನವನ್ನೇರಿಕೊಂಡು ಊರಿಗೆ ಹೋದ. ಹಿಂದಿನ ಪೀಠದಲ್ಲಿ ನಾನಿದ್ದೆ. ಭಾವನವರು ಅಂಗಳದಲ್ಲಿ ನಿಂತ ಗಾಡಿಯನ್ನು ಎರಡು ಸಲ ಸುತ್ತಿ ನೋಡಿದರು. ನೆಲಕ್ಕೆ ಬಾಗಿದ ಅದರ ಪೀಠ, ಎಮ್ಮೆಯ ಕೋಡಿನಂತೆ ಹಿಂದಕ್ಕೆ ಚಾಚಿದ ಹಿಡಿಕೆ, ಮುಂದಕ್ಕೆ ಒಗೆದ ಕಾಲ್ಮೆಟ್ಟು, ಹಿಂದೆ ಕೂಡುವವರ ಬೆನ್ನಿಗೆಂದು ಇಟ್ಟ ಮೆತ್ತೆ, ಎಲ್ಲವನ್ನೂ ಪರೀಕ್ಷಿಸಿ, ನನ್ನ ಕಡೆಗೆ ತಿರುಗಿ, “ಇದು ಗಾಡಿ ಅಲ್ಲಿದು ಮಾಸ್ತರ, ಆರಾಮಕುರ್ಚಿ. ಎರಡು ಗಾಲಿ ಹಚ್ಚ್ಯಾರ, ಅಷ್ಟ” ಎಂದರು. ಈ ಬಗೆಯ ಮೋಟಾರು ಸೈಕಲ್ಲುಗಳ ವಿಷಯದಲ್ಲಿ ಬಲ್ಲವರು ಬರೆದುದನ್ನು ನಾನು ಆಮೇಲೆ ಅಷ್ಟಿಷ್ಟು ಓದಿದ್ದೇನೆ. ಭಾವನವರ ಆ ಒಂದು ಮಾತನ್ನು ಮೀರಿದ ವರ್ಣನೆ ನನಗೆ ಇನ್ನೂ ಸಿಕ್ಕಿಲ್ಲ.

ಹುಡುಗನ ಗಾಡಿ ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಒಬ್ಬರ ಕೈಯಲ್ಲಿ ಮೂರು ವರ್ಷ ದುಡಿದು ಇವನ ಕೈಗೆ ಬಂದುದು, ಹೊಸದಲ್ಲ. ಆದರೂ ಅದರ ಬೆಲೆ ಇವನ ಶಕ್ತಿಗೆ ಮೀರಿದ್ದೇ ಆಗಿತ್ತು. ಇವನು ಡಿಗ್ರಿ ಮುಗಿಸಿ, ಧಾರವಾಡದ ಸಪ್ತಾಪುರದ ತರಬೇತಿ ಕೇಂದ್ರಗಳಲ್ಲಿ ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಿದ. ಉತ್ತರ ಕರ್ನಾಟಕದ ಎಷ್ಟೋ ಹಳ್ಳಿಗಳ ಹುಡುಗರು ಚಾಪೆ, ಬಕೆಟ್ಟು, ಪುಸ್ತಕದ ಗಂಟು ಹೊತ್ತುಕೊಂಡು ಆ ಓಣಿಗಳಿಗೆ ಬರುತ್ತಾರೆ. ಕೆಲವರು ಅಧಿಕಾರಿಗಳಾಗಿ ಹೊರಡುತ್ತಾರೆ. ಹೆಚ್ಚಿನವರು ಬಂದಂತೆಯೇ ಹೊರಡುತ್ತಾರೆ. ಇವನು ಎರಡನೆಯ ಗುಂಪಿಗೆ ಸೇರಿದವನು. ಅನಂತರ ಹುಬ್ಬಳ್ಳಿಯ ಒಂದು ಹಣಕಾಸಿನ ಸಂಸ್ಥೆಯಲ್ಲಿ ಸಾಲದ ಕಂತು ವಸೂಲು ಮಾಡುವ ಕೆಲಸ ಸಿಕ್ಕಿತು. ಧಾರವಾಡದ ನಮ್ಮ ಮನೆಯಲ್ಲಿಯೇ ಇದ್ದು ದಿನಾಲು ಹೋಗಿಬರುತ್ತಾನೆ. ಊರೆಲ್ಲರ ಕಂತನ್ನು ಕೇಳುತ್ತ ತಿರುಗುವವನು ತಾನೂ ಒಂದು ಕಂತಿನ ಕೊರಳಪಟ್ಟಿಯನ್ನು ಕಟ್ಟಿಕೊಂಡನಲ್ಲ ಎಂದು ನನಗೆ ಕಸಿವಿಸಿಯಾಯಿತು. ಅಲ್ಲದೆ ಅವನು ಮೊದಲಿಗೆ ಕಟ್ಟಿದ ಹಣ, ಅವನ ತಂಗಿಯನ್ನು ಧಾರವಾಡದ ಹಾಸ್ಟೆಲಿನಲ್ಲಿಟ್ಟು ಓದಿಸಲೆಂದು ಮನೆಯವರೆಲ್ಲ ಮನಸ್ಸಿನಲ್ಲಿ ಎತ್ತಿಟ್ಟಿದ್ದ ಹಣ. ಎತ್ತಿಟ್ಟಿದ್ದು ಮನಸ್ಸಿನಲ್ಲಿ ಮಾತ್ರ, ದುಡಿದವನು ಅವನು. ಇದರಲ್ಲಿ ಯಾರದು ತಪ್ಪೆಂದು ನಿರ್ಣಯಿಸಲು ನಾನು ಹೊರಟಿಲ್ಲ. ಆದರೆ ಬುದ್ಧಿವಂತನಾದ, ದುಶ್ಚಟವೊಂದೂ ಇಲ್ಲದ ಹುಡುಗನೊಬ್ಬನನ್ನು ಇಂಥ ಹುಚ್ಚಿಗೆ ಎಳೆದ ಆ ವಾಹನದಲ್ಲಿ ಇರುವುದಾದರೂ ಏನು ಎಂಬ ಕುತೂಹಲ ನನಗೆ ಹುಟ್ಟಿದ್ದು ಹೀಗೆ.

ಕ್ರೂಸರ್ ಎಂಬುದು ಮೂಲದಲ್ಲಿ ಹಡಗಿನ ಹೆಸರು. ಸಮುದ್ರವನ್ನು ಅತ್ತಿಂದಿತ್ತ ಅಡ್ಡಹಾಯುತ್ತ ದೂರ ದೂರ ಸಂಚರಿಸುವ ನೌಕೆ. ಅಮೇರಿಕೆಯ ಹೆದ್ದಾರಿಗಳು ಸಮುದ್ರದಂತೆಯೇ ಅಂತ್ಯ ಕಾಣದವುಗಳು. ನೂರಾರು ಮೈಲು ತಿರುವಿಲ್ಲದೆ ಸಾಗುವಂಥವು. ಅಂಥ ಹಾದಿಯಲ್ಲಿ ಹೊತ್ತುಗಟ್ಟಲೆ ಕುಳಿತು ಸಾಗುವುದಕ್ಕೆಂದೇ ಅಲ್ಲಿಯ ಹಾರ್ಲೆ-ಡೇವಿಡ್ಸನ್ ಮೊದಲಾದ ಕಂಪನಿಗಳ ಭಾರವಾದ ಗಾಡಿಗಳು ಬೆಳೆದವು. ಎರಡನೆಯ ಮಹಾಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರು ಈ ಗಾಡಿಗಳ ಮಡ್ಗಾರ್ಡುಗಳನ್ನು ಕತ್ತರಿಸಿ, ಬೇಡವಾದುದನ್ನೆಲ್ಲ ಕಿತ್ತೆಸೆದು, ಹಗುರ ಮಾಡಿಕೊಂಡು ಓಡಿಸತೊಡಗಿದರು. ಅವರ ತರುವಾಯದ ತರುಣರು ಮುಂದಿನ ಫೋರ್ಕನ್ನು ಉದ್ದ ಮಾಡಿದರು, ಹಿಡಿಕೆಯನ್ನು ಎತ್ತರಿಸಿದರು, ತೊಟ್ಟಿಗೆ ತಮಗೆ ತೋಚಿದ ಬಣ್ಣ ಬಳಿದರು. 1969ರಲ್ಲಿ ತೆರೆಕಂಡ ‘ಈಸಿ ರೈಡರ್’ ಎಂಬ ಚಲಚ್ಚಿತ್ರ ಈ ರೂಪವನ್ನು ಜಗತ್ತಿಗೆಲ್ಲ ತೋರಿಸಿತು. ತನ್ನ ಇಚ್ಛೆಯಂತೆ ತಾನೇ ತಿದ್ದಿಕೊಂಡ ಗಾಡಿಗೆ ‘ಕಸ್ಟಮ್’ ಎಂಬ ಹೆಸರು ನಿಂತಿತು.

ಇಲ್ಲಿಯವರೆಗೆ ಸರಿ. ಮುಂದಿನದು ವಿನೋದ. 1971ರಲ್ಲಿ ಹಾರ್ಲೆ-ಡೇವಿಡ್ಸನ್ ಕಂಪನಿಯೇ ‘ಸೂಪರ್ ಗ್ಲೈಡ್’ ಎಂಬ ಹೆಸರಿನಿಂದ, ತರುಣರು ತಿದ್ದಿಕೊಂಡ ಗಾಡಿಯ ಹಾಗೆ ಕಾಣುವ ಗಾಡಿಯನ್ನು ಕಾರಖಾನೆಯಲ್ಲಿ ತಯಾರಿಸಿ ಮಾರಾಟಕ್ಕಿಟ್ಟಿತು. ಜಪಾನಿನವರೂ ಹಿಂದೆ ಬೀಳಲಿಲ್ಲ. 1985ರಲ್ಲಿ ಹೊಂಡಾ ಕಂಪನಿ ‘ರೆಬೆಲ್’ ಎಂಬ 234 ಸಿ.ಸಿ.ಯ ಪುಟ್ಟ ಕ್ರೂಸರನ್ನು ಹೊರತಂದಿತು. ರೆಬೆಲ್ ಎಂದರೆ ಬಂಡಾಯಗಾರ. ಆದರೆ ಅದು ಎಷ್ಟು ಸಾಧುವಾದ, ತಗ್ಗಾದ, ಭಯಹುಟ್ಟಿಸದ ಗಾಡಿಯಾಗಿತ್ತೆಂದರೆ ಅಮೇರಿಕೆಯಲ್ಲಿ ಹೊಸದಾಗಿ ಸವಾರಿ ಕಲಿಯುವವರ ಶಾಲೆಗಳಲ್ಲಿ ಪಾಠದ ಗಾಡಿಯಾಗಿ ಬಳಕೆಗೆ ಬಂತು! ಒಬ್ಬನ ಇಚ್ಛೆಗೆಂದು ಹುಟ್ಟಿದ ರೂಪ ಸಾವಿರಗಟ್ಟಲೆ ಅಚ್ಚಾಗಿ ಬಂದಾಗ ಅದನ್ನು ಇನ್ನೂ ಸ್ವೇಚ್ಛೆಯೆನ್ನಬಹುದೆ? ಅನ್ನಬಾರದೆಂದು ತರ್ಕ ಹೇಳುತ್ತದೆ. ಆದರೆ ಅಂಗಡಿಯಲ್ಲಿ ಕೊಂಡ ಇಳಕಲ್ಲ ಸೀರೆಯನ್ನು ಉಟ್ಟ ಮದುಮಗಳಿಗೆ ಅದು ತನಗಾಗಿಯೇ ನೇಯ್ದದ್ದೆಂದು ತೋರುವುದಿಲ್ಲವೆ? ಇದೂ ಹಾಗೆಯೇ ಇರಬೇಕು.

ನಮ್ಮ ದೇಶಕ್ಕೆ ಈ ರೂಪ ತಡವಾಗಿ ಬಂತು. ಅದಕ್ಕೆ ಮುಂಚೆ ನಮ್ಮಲ್ಲಿ ಗಾಂಭೀರ್ಯವೆಂದರೆ 1955ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್. ಅದನ್ನು ಫೌಜುದಾರರು, ಗೌಡರು, ಸೈನ್ಯದವರು ಏರುತ್ತಿದ್ದರು. ಉತ್ಸಾಹವೆಂದರೆ ನಮ್ಮ ಮೈಸೂರಿನ ಜಾವಾ. ಐಡಿಯಲ್ ಜಾವಾ ಕಾರಖಾನೆ 1961ರಲ್ಲಿ ಪ್ರಾರಂಭವಾಗಿ, 1970ರ ದಶಕದಲ್ಲಿ ತನ್ನ ಗಾಡಿಗೆ ‘ಯೆಜ್ಡಿ’ ಎಂದು ಹೆಸರಿಟ್ಟು, 1996ರಲ್ಲಿ ಬಾಗಿಲು ಮುಚ್ಚಿತು. ನಾನು ಕಲಿಯುವಾಗ ಕರ್ನಾಟಕ ಕಾಲೇಜಿನ ಇಳುಕಲಿನಲ್ಲಿ ಯೆಜ್ಡಿಯೊಂದು ಬಂದರೆ, ಸಪ್ಪಳದಿಂದಲೇ ಅದು ಯಾವ ಪ್ರಾಧ್ಯಾಪಕರದೆಂದು ಹೇಳುವ ವಿದ್ಯಾರ್ಥಿಗಳಿದ್ದರು. ಪರೀಕ್ಷೆಯಲ್ಲಿ ಮಾತ್ರ ಅವರಿಗೆ ಯಾವುದೂ ಹೇಳಲು ಬರುತ್ತಿರಲಿಲ್ಲ.

2001ರಲ್ಲಿ ಬಜಾಜ್ ಕಂಪನಿ ಜಪಾನಿನ ಕಾವಾಸಾಕಿಯ ಸಹಾಯದಿಂದ ‘ಎಲಿಮಿನೇಟರ್’ ಎಂಬ 175 ಸಿ.ಸಿ.ಯ ಕ್ರೂಸರನ್ನು ತಂದಿತು. ನೋಡಿದವರು ಬಹಳ ಜನ, ಕೊಂಡವರು ಕಡಿಮೆ. ಬೆಲೆ ಆ ಕಾಲಕ್ಕೆ ಹೆಚ್ಚಾಯಿತು. ಯಮಹಾದವರ 125 ಸಿ.ಸಿ.ಯ ‘ಎಂಟೈಸರ್’ ಕೂಡ ಅದೇ ಸುಮಾರಿಗೆ ಬಂದು ಹೋಯಿತು. 2005ರಲ್ಲಿ ಬಜಾಜ್‌ನವರು ಆ ಎಲಿಮಿನೇಟರಿನ ದೇಹಕ್ಕೆ ತಮ್ಮದೇ ಪಲ್ಸರ್ ಗಾಡಿಯ 180 ಸಿ.ಸಿ. ಎಂಜಿನ್ನನ್ನು ಜೋಡಿಸಿ ‘ಅವೆಂಜರ್’ ಎಂದು ಕರೆದರು. ಅದು 2007ರಲ್ಲಿ 200, 2010ರಲ್ಲಿ 220 ಸಿ.ಸಿ. ಆಯಿತು, 2015ರಲ್ಲಿ 150ರ ತಮ್ಮನೊಬ್ಬ ಹುಟ್ಟಿದ, 2019ರಲ್ಲಿ ಆ ಸಾಲಿಗೆ 160 ಬಂತು. ಮಧ್ಯಮ ವರ್ಗದವನೂ ಕ್ರೂಸರ್ ಕೊಳ್ಳಬಹುದೆಂಬ ಆಸೆಯನ್ನು ಈ ದೇಶದಲ್ಲಿ ಬಿತ್ತಿದ ಗಾಡಿ ಇದೇ ಎನ್ನಬೇಕು. ಹಾರ್ಲೆಯವರ ‘ಸ್ಟ್ರೀಟ್ 750’ 2014ರಲ್ಲಿ ಬಂದಾಗ ಅದರ ಬೆಲೆ 4 ಲಕ್ಷ 10 ಸಾವಿರ ರೂಪಾಯಿ. ಅವರ ಲೆಕ್ಕದಲ್ಲಿ ಅದೇ ಮೊದಲ ಮೆಟ್ಟಿಲು! ನಮ್ಮ ಮೆಟ್ಟಿಲುಗಳು ಅದಕ್ಕಿಂತ ಬಹಳ ಕೆಳಗಿನಿಂದ ಪ್ರಾರಂಭವಾಗುತ್ತವೆ.

ಇನ್ನು ಆಕರ್ಷಣೆಯ ಮಾತು. ನಾನು ಐದಡಿ ಎರಡಿಂಚಿನ ಮನುಷ್ಯ. ಜೀವಮಾನವೆಲ್ಲ ಸೈಕಲ್ಲು ಮತ್ತು ಲೂನಾ ಮೇಲೆಯೇ ಕಳೆದವನು. ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಕಾಲಿನ ಹೆಬ್ಬೆರಳನ್ನಷ್ಟೆ ನೆಲಕ್ಕೆ ಮುಟ್ಟಿಸಿ, ಇನ್ನೊಂದು ಕಾಲನ್ನು ದೇವರಿಗೆ ಬಿಟ್ಟು ನಿಲ್ಲುವ ಗಿಡ್ಡ ಜನರ ಸಂಕಟವನ್ನು ಎತ್ತರದವರು ಅರಿಯರು. ಅವೆಂಜರ್ 220ರ ಪೀಠ ನೆಲದಿಂದ 737 ಮಿಲಿಮೀಟರು. ಮನೆಮನೆಯಲ್ಲಿ ಕಾಣುವ ಸ್ಪ್ಲೆಂಡರಿನದು 785ರ ಸುಮಾರು. ವ್ಯತ್ಯಾಸ ಎರಡು ಇಂಚಿಗಿಂತ ಕಡಿಮೆ. ಆದರೆ ಆ ಎರಡಿಂಚು ಮನುಷ್ಯನ ಮರ್ಯಾದೆಗೆ ಸಂಬಂಧಿಸಿದ್ದು. ಹುಡುಗ ಒಂದು ದಿನ ಕೆಲಗೇರಿಯ ಕಡೆಯ ಖಾಲಿ ರಸ್ತೆಯಲ್ಲಿ ತನ್ನ ಗಾಡಿಯನ್ನು ನನ್ನ ಕೈಗೆ ಕೊಟ್ಟಾಗ, ಎರಡೂ ಪಾದಗಳು ಹಿಮ್ಮಡಿಸಹಿತ ನೆಲಕ್ಕೆ ಊರಿದವು. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ನಾನು ಮೋಟಾರು ಸೈಕಲ್ಲಿನ ಮೇಲೆ ಭೂಮಿಗೆ ಸೇರಿದವನಂತೆ ಕುಳಿತಿದ್ದೆ. ನಾಲ್ಕು ಫರ್ಲಾಂಗು ಹೋಗಿ ಬಂದೆ. ಅದರ ವಿಷಯ ಮನೆಯಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ.

ತಗ್ಗಾದ ಪೀಠದಷ್ಟೇ ಮುಖ್ಯವಾದುದು ಅದರ ನಡಿಗೆ. ಸಾಮಾನ್ಯ ಗಾಡಿಗಿಂತ ಇದರ ಮುಂದಿನ ಫೋರ್ಕು ಹೆಚ್ಚು ಓರೆಯಾಗಿ ಚಾಚಿರುತ್ತದೆ. ಎರಡು ಗಾಲಿಗಳ ನಡುವಿನ ಅಂತರವೂ ಹೆಚ್ಚು, ಅವೆಂಜರಿನಲ್ಲಿ 1490 ಮಿಲಿಮೀಟರು. ಓರೆಯಾದ ಫೋರ್ಕಿನ ಗುಣವೇನೆಂದರೆ, ಕಚೇರಿಯ ಉರುಳುಕುರ್ಚಿಯ ಗಾಲಿ ತಾನಾಗಿಯೇ ಹೋಗುವ ದಿಕ್ಕಿಗೆ ತಿರುಗಿಕೊಳ್ಳುವಂತೆ, ಮುಂದಿನ ಗಾಲಿ ತಾನಾಗಿಯೇ ನೆಟ್ಟಗಾಗಲು ಹವಣಿಸುತ್ತದೆ. ಆದುದರಿಂದ ನೇರವಾದ ಹಾದಿಯಲ್ಲಿ ಅದು ಹಿಡಿದು ನಡೆಸಬೇಕಾದ ವಾಹನವಲ್ಲ. ಕುಳಿತು ನೋಡಬೇಕಾದ ವಾಹನ. ಎಂಜಿನ್ನನ್ನೂ ಅದಕ್ಕೆ ತಕ್ಕಂತೆಯೇ ಶ್ರುತಿ ಮಾಡಿರುತ್ತಾರೆ. ಅದೇ ವಂಶದ ಎಂಜಿನ್ನು ಪಲ್ಸರ್ 220ರಲ್ಲಿ ಸುಮಾರು 21 ಅಶ್ವಶಕ್ತಿ ಕೊಟ್ಟರೆ ಅವೆಂಜರಿನಲ್ಲಿ ಕೊಡುವುದು 19; ಕಳೆದ ಎರಡನ್ನು ಅವಸರದ ಬಾಬಿನಲ್ಲಿ ಕಡಿತ ಮಾಡಿದ್ದಾರೆಂದು ತಿಳಿಯಬೇಕು. ಮೇಲಿಂದ ಮೇಲೆ ಗೇರು ಬದಲಿಸುವ ಗೋಜಿಲ್ಲದೆ, ಐವತ್ತು-ಅರವತ್ತರ ವೇಗದಲ್ಲಿ ಅದು ತನ್ನಷ್ಟಕ್ಕೆ ಗುನುಗುತ್ತ ಹೋಗುತ್ತದೆ.

ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಿಗೆ ಹೋಗುವ ರಸ್ತೆಯನ್ನು ಕಂಡವರಿಗೆ ಈ ಸುಖವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಎಡಬಲಕ್ಕೂ ಕಣ್ಣು ಮುಟ್ಟುವವರೆಗೆ ಎರೆಹೊಲ; ಹಂಗಾಮಿಗೆ ತಕ್ಕಂತೆ ಹೆಸರು, ಹತ್ತಿ, ಕಡಲೆ, ಜೋಳ. ಗಿಡದ ನೆರಳು ಅಲ್ಲೊಂದು ಇಲ್ಲೊಂದು. ಆ ಬಯಲಿನಲ್ಲಿ ಅವಸರದ ಗಾಡಿಯವನು ಹಾದಿಯನ್ನು ನುಂಗುತ್ತಾನೆ. ಇದರ ಮೇಲೆ ಕುಳಿತವನು ಹಾದಿಯ ಜೊತೆಗೆ ಮಾತಾಡುತ್ತ ಹೋಗುತ್ತಾನೆ. ಒಂದು ಸಂಜೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯನ್ನು ನೋಡಿಕೊಂಡು ಹಿಂದಿರುಗುವಾಗ ನಾನು ಹುಡುಗನನ್ನು ಕೇಳಿದೆ: “ಇದರಾಗ ನಿನಗ ಏನ್ ಸಿಗತೈತೋ?” ಅವನು ಬಹಳ ದೂರ ಹೋದ ಮೇಲೆ ಉತ್ತರ ಹೇಳಿದ. “ಮಾಮಾ, ಮುಂಜಾನಿಂದ ಸಂಜಿ ಮಟಾ ಮಂದಿ ಮನಿ ಮುಂದ ನಿಂತು ಕಂತು ಕೇಳತೇನಿ. ಯಾರೂ ಕೂಡ್ರು ಅನ್ನಂಗಿಲ್ಲ. ಇದರ ಮ್ಯಾಲೆ ನಾ ಕುಂತಿರತೇನಿ.”

ನಾನು ಮತ್ತೆ ಆ ಪ್ರಶ್ನೆಯನ್ನು ಕೇಳಿಲ್ಲ.

ಆದರೆ ಗದಗಿನ ರಸ್ತೆ ಆದಿತ್ಯವಾರದ್ದು. ವಾರದ ಉಳಿದ ಆರು ದಿನಗಳಿಗೆ ಇರುವುದು ಧಾರವಾಡ-ಹುಬ್ಬಳ್ಳಿಯ ರಸ್ತೆ. ಜ್ಯುಬಿಲಿ ಸರ್ಕಲ್ಲಿನಿಂದ ಹೊರಟು, ಟೋಲ್ ನಾಕಾ, ಸತ್ತೂರು, ಪೇರಲಹಣ್ಣಿನ ನವಲೂರು, ರಾಯಾಪುರ, ಉಣಕಲ್ಲುಗಳನ್ನು ಹಾಯ್ದು ಚನ್ನಮ್ಮನ ಸರ್ಕಲ್ಲು ಸೇರುವ ಈ ಇಪ್ಪತ್ತು ಕಿಲೋಮೀಟರುಗಳಲ್ಲಿ ಈ ಗಾಡಿಯ ಗುಣಗಳೇ ದೋಷಗಳಾಗಿ ಪರಿಣಮಿಸುವುದನ್ನು ನೋಡಬಹುದು. 2018ರಿಂದ ಓಡುತ್ತಿರುವ ಚಿಗರಿ ಬಸ್ಸುಗಳಿಗೆ ನಡುವಿನ ಪಥ ಮೀಸಲು. ಉಳಿದವರೆಲ್ಲ ಅಂಚಿನ ಪಥಗಳಲ್ಲಿ ಒತ್ತಿಕೊಂಡು ಹೋಗಬೇಕು. ನೇರ ಹಾದಿಯಲ್ಲಿ ತಾನಾಗಿ ನೆಟ್ಟಗೆ ಹೋಗುವ ಗಾಲಿ, ಲಾರಿ ರಿಕ್ಷಾಗಳ ಸಂದಿಯಲ್ಲಿ ತಿರುಗೆಂದರೆ ತಿರುಗದು. ಗಾಲಿಗಳ ಅಂತರ ಹೆಚ್ಚಾದಷ್ಟೂ ತಿರುವಿಗೆ ಬೇಕಾಗುವ ಜಾಗವೂ ಹೆಚ್ಚು. ಸ್ಕೂಟಿಯ ಮೇಲಿನ ಹುಡುಗಿ ಸರಕ್ಕನೆ ಹಾಯ್ದುಹೋಗುವ ಸಂದಿಯಲ್ಲಿ ಇವನು ಅಗಲವಾದ ಹಿಡಿಕೆಯನ್ನು ಎತ್ತ ತೂರಿಸಲೆಂದು ನೋಡುತ್ತ ನಿಂತಿರುತ್ತಾನೆ. ದುರ್ಗದಬೈಲಿನ ಮಾರ್ಕೆಟ್ಟಿಗೆ ಇದನ್ನು ಒಯ್ಯುವುದೆಂದರೆ ಕಿರಾಣಿ ಅಂಗಡಿಯೊಳಗೆ ಆರಾಮಕುರ್ಚಿಯನ್ನು ಒಯ್ದಂತೆ. ವರ್ಷಗಟ್ಟಲೆ ಮೇಲ್ಸೇತುವೆಯ ಕಾಮಗಾರಿ ನಡೆದ ಚನ್ನಮ್ಮನ ಸರ್ಕಲ್ಲಿನ ಸುತ್ತಿನಲ್ಲಂತೂ, ಮೊದಲ ಗೇರಿನಲ್ಲಿ ತೆವಳುತ್ತ, ನೂರಾ ಅರವತ್ತು ಕಿಲೋಗ್ರಾಮಿನ ಲೋಹವನ್ನು ಎರಡೂ ಕಾಲುಗಳಿಂದ ತಳ್ಳುತ್ತ ಹೋಗುವವನಿಗೆ ‘ಅಶ್ವಶಕ್ತಿ’ಯ ಅರ್ಥ ಬೇರೆಯಾಗಿಯೇ ಹೊಳೆಯುತ್ತದೆ.

ಇದಕ್ಕಿಂತ ದೊಡ್ಡ ಸಂಗತಿ ಬೆನ್ನೆಲುಬಿನದು. ಬೇರೆ ಗಾಡಿಗಳಲ್ಲಿ ಕಾಲ್ಮೆಟ್ಟು ಸವಾರನ ಕೆಳಗೇ ಇರುತ್ತದೆ. ದೊಡ್ಡ ತಗ್ಗು ಬಂದಾಗ ಅವನು ಅದರ ಮೇಲೆ ಭಾರ ಹಾಕಿ ಪೀಠದಿಂದ ಅರ್ಧ ಎದ್ದು, ಮೊಳಕಾಲುಗಳ ಮೇಲೆ ಪೆಟ್ಟನ್ನು ತೆಗೆದುಕೊಳ್ಳುತ್ತಾನೆ. ಕ್ರೂಸರಿನಲ್ಲಿ ಕಾಲುಗಳು ಮುಂದೆ ಚಾಚಿರುವುದರಿಂದ ಏಳುವ ಉಪಾಯವಿಲ್ಲ. ಪೀಠ ತಗ್ಗಾಗಬೇಕಾದರೆ ಅದರ ಕೆಳಗಿನ ಸ್ಪ್ರಿಂಗಿನ ಆಟಕ್ಕೂ ಜಾಗ ಕಡಿಮೆಯಾಗಬೇಕು. ಎರಡೂ ಸೇರಿ, ರಸ್ತೆಯ ಪೆಟ್ಟು ನೇರವಾಗಿ ಸೊಂಟಕ್ಕೆ ಬರುತ್ತದೆ. ಕಾಣಲಿಕ್ಕೆ ಇದಕ್ಕಿಂತ ಸುಖದ ಆಸನವಿಲ್ಲ; ಆದರೆ ಆ ಸುಖ ರಸ್ತೆಯ ಯೋಗ್ಯತೆಯನ್ನು ಅವಲಂಬಿಸಿದ್ದು. ಮಳೆಗಾಲ ಕಳೆದ ಮೇಲಿನ ನಮ್ಮ ರಸ್ತೆಗಳ ಯೋಗ್ಯತೆಯನ್ನು ಈ ಪತ್ರಿಕೆಯ ವಾಚಕರಿಗೆ ನಾನು ತಿಳಿಸಬೇಕಾಗಿಲ್ಲ. ರಸ್ತೆಯುಬ್ಬುಗಳದು ಇನ್ನೊಂದು ಕತೆ. ಅವೆಂಜರ್ 220ರ ಹೊಟ್ಟೆಗೂ ನೆಲಕ್ಕೂ ನಡುವೆ ಇರುವ ಅಂತರ 169 ಮಿಲಿಮೀಟರು. ಉದ್ದವಾದ ಗಾಡಿ, ಹಿಂದೆ ಒಬ್ಬರು ಕುಳಿತರೆ ಅದು ಇನ್ನಷ್ಟು ಇಳಿಯುತ್ತದೆ. ಹಳ್ಳಿಗಳಲ್ಲಿ ಜನ ತಾವೇ ಹಾಕಿಕೊಂಡ ಮಣ್ಣಿನ ದಿಬ್ಬಗಳ ಮೇಲೆ ಹೊಟ್ಟೆ ಉಜ್ಜಿದ ಸಪ್ಪಳ ಕೇಳಿ ಸವಾರನ ಕರುಳೇ ಉಜ್ಜಿದಂತಾಗುತ್ತದೆ.

ಇನ್ನು ಘಟ್ಟದ ಹಾದಿ. ನಮ್ಮ ಅವಳಿ ನಗರದ ವಿಶೇಷವೆಂದರೆ ಪೂರ್ವಕ್ಕೆ ಹೊರಟರೆ ಬಯಲುಸೀಮೆ, ಪಶ್ಚಿಮಕ್ಕೆ ಹೊರಟರೆ ಕಲಘಟಗಿ ದಾಟುವುದರೊಳಗೆ ಮಲೆನಾಡಿನ ಸೆರಗು. ಯಲ್ಲಾಪುರದ ಆಚೆ ಅರಬೈಲು ಘಟ್ಟವನ್ನಿಳಿದು ಅಂಕೋಲೆಗೆ ಹೋಗುವಾಗ ಹಾವಿನಂತೆ ಹೊರಳುವ ತಿರುವುಗಳಲ್ಲಿ ಗಾಡಿಯನ್ನು ಓರೆಮಾಡಬೇಕಾಗುತ್ತದೆ. ತಗ್ಗಾದ ಕಾಲ್ಮೆಟ್ಟು, ಅದರ ಕೆಳಗಿನ ಕಬ್ಬಿಣ, ಬೇರೆ ಗಾಡಿಗಿಂತ ಬೇಗ ನೆಲವನ್ನು ಕೆರೆಯುತ್ತವೆ. ಅದು ಒಂದು ಎಚ್ಚರಿಕೆಯೆಂದು ತಿಳಿದವನು ಬದುಕುತ್ತಾನೆ. ಹುಡುಗ ಒಮ್ಮೆ ಗೆಳೆಯರ ಸಂಗಡ ಹೋಗಿ ಬಂದ; ಎರಡನೆಯ ಸಲ ಬಸ್ಸಿನಲ್ಲಿ ಹೋದ. ಈ ವಿಷಯದಲ್ಲಿ ಅವನ ಬುದ್ಧಿಯನ್ನು ಮೆಚ್ಚಬೇಕು. ಬಹುಕಾಲ ಎರಡೇ ಪಥಗಳಲ್ಲಿ ಹೆದ್ದಾರಿಯ ಭಾರವನ್ನೆಲ್ಲ ಹೊತ್ತ ನಮ್ಮ ಬೈಪಾಸಿನಲ್ಲಿ, 2021ರ ಸಂಕ್ರಾಂತಿಯ ಮರುದಿನ ಇಟಿಗಟ್ಟಿಯ ಹತ್ತಿರ, ದಾವಣಗೆರೆಯಿಂದ ಗೋವೆಗೆ ಹೊರಟಿದ್ದ ಹೆಣ್ಣುಮಕ್ಕಳ ವಾಹನಕ್ಕಾದ ಗತಿಯನ್ನು ಕೇಳಿದ ಮೇಲೆ, ರಸ್ತೆಯ ಮೇಲಿನ ಸೊಗಸಿನ ಮಾತನ್ನು ಬರೆಯಲು ಲೇಖನಿ ಸ್ವಲ್ಪ ತಡೆಯುತ್ತದೆ.

‘ಕಸ್ಟಮ್’ ಎಂಬ ಮಾತಿಗೆ ಬರೋಣ. ಗಾಡಿ ಕೊಂಡ ಮೂರನೆಯ ತಿಂಗಳಲ್ಲಿಯೇ ಹುಡುಗನಿಗೆ ಅದು ಎಲ್ಲರದರಂತೆ ಕಾಣತೊಡಗಿತು. ಇನ್ನೂ ಎತ್ತರದ ಹಿಡಿಕೆ ಬೇಕು, ದನಿ ದೊಡ್ಡದಾಗುವ ಸೈಲೆನ್ಸರ್ ಬೇಕು, ಹಿಂದಿನ ಗಾಲಿ ದಪ್ಪನಾಗಬೇಕು. ಇಂಥದನ್ನೆಲ್ಲ ಮಾಡಿಕೊಡುವ ಕುಶಲ ಕೆಲಸಗಾರರು ಹುಬ್ಬಳ್ಳಿಯಲ್ಲಿ ಇಲ್ಲದಿಲ್ಲ; ಹತ್ತೊಂಬತ್ತನೆಯ ಶತಮಾನದಿಂದ ರೈಲ್ವೆ ವರ್ಕ್‌ಶಾಪು ಇರುವ ಊರಿನಲ್ಲಿ ಕಬ್ಬಿಣದ ಕೈಗಾರಿಕೆಗೆ ಕೊರತೆಯೆ? ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಮತ್ತೆ ಸ್ಪಷ್ಟಪಡಿಸಿತು. ಸ್ವೇಚ್ಛೆಯಿಂದ ಹುಟ್ಟಿದ ರೂಪವನ್ನು ಕೊಳ್ಳಬಹುದು; ಅದರ ಮೇಲೆ ತನ್ನ ಸ್ವೇಚ್ಛೆಯನ್ನು ನಡೆಸುವಂತಿಲ್ಲ. ಕಾಯಿದೆ ಕಠಿಣವಾಯಿತೆಂದು ಹುಡುಗ ಮುಖ ಸಣ್ಣದು ಮಾಡಿದ. ಕಿವಿ ಹರಿಯುವ ಸೈಲೆನ್ಸರುಗಳ ಹಾವಳಿಯಲ್ಲಿ ಮಧ್ಯಾಹ್ನದ ನಿದ್ರೆಯನ್ನು ಕಳೆದುಕೊಂಡ ನನಗೆ ಕಾಯಿದೆ ಬಹಳ ಸಮಂಜಸವಾಗಿ ಕಂಡಿತು. ಕೊನೆಗೆ ಅವನು ಮಾಡಿಸಿದ್ದು ಒಂದೇ ಬದಲಾವಣೆ: ಪೆಟ್ರೋಲ್ ತೊಟ್ಟಿಯ ಮೇಲೆ ಸಣ್ಣ ಅಕ್ಷರಗಳಲ್ಲಿ ತನ್ನ ತಾಯಿಯ ಹೆಸರು. ಅದನ್ನು ಬರೆದವನು ಲಾರಿಗಳ ಹಿಂದೆ ಬರೆಯುವ ಪೇಂಟರು. ಅಕ್ಷರ ದುಂಡಗೆ ಬಂದಿದೆ.

ಇಷ್ಟು ಹೇಳಿ ಎರೆಮಣ್ಣಿನ ವಿಷಯ ಬಿಟ್ಟರೆ ಭಾವನವರು ನನ್ನನ್ನು ಕ್ಷಮಿಸಲಾರರು. ನವಲಗುಂದದ ಕಡೆಯ ಎರೆಯಲ್ಲಿ ಒಂದು ಹದ ಮಳೆ ಬಿದ್ದರೆ ಸಾಕು, ಕಾಲಿಟ್ಟಲ್ಲಿ ಸೇರು ಮಣ್ಣು ಅಂಟುತ್ತದೆ. ಗಾಲಿಗೆ ಅಂಟಿದ ಮಣ್ಣು ಮಡ್ಗಾರ್ಡಿನ ಒಳಗೆ ತುಂಬಿ, ಗಟ್ಟಿಯಾಗಿ, ಗಾಲಿಯನ್ನೇ ಹಿಡಿದುಬಿಡುತ್ತದೆ. ಆ ವರ್ಷದ ಆಷಾಢದಲ್ಲಿ ಹುಡುಗ ರಸ್ತೆಯಿಂದ ಊರಿಗಿರುವ ಎರಡು ಕಿಲೋಮೀಟರು ಕಚ್ಚಾ ಹಾದಿಗೆ ಗಾಡಿಯನ್ನು ಇಳಿಸಿದ. ಇನ್ನೂರು ಮಾರು ಹೋಗುವುದರೊಳಗೆ ಮುಂದಿನ ಗಾಲಿ ನಿಂತಿತು. ಹಿಂದಿನಿಂದ ಯೂರಿಯಾದ ಚೀಲ, ಎರಡು ಹಾಲಿನ ಕ್ಯಾನು, ಒಂದು ಮೊಮ್ಮಗು ಹೇರಿಕೊಂಡು ಬಂದ ಮುದುಕನ ಟಿವಿಎಸ್ ಎಕ್ಸೆಲ್ಲು ಅಂಚಿನ ಹುಲ್ಲಿನ ಮೇಲೆ ಹಾಯ್ದು ಮುಂದೆ ಹೋಯಿತು. ಅವನು ನಗಲಿಲ್ಲವಂತೆ; “ಕಡ್ಡಿ ತೊಗೊಂಡು ಕೆರಕೋ ತಮ್ಮಾ” ಎಂದು ಉಪಾಯ ಹೇಳಿ ಹೋದನಂತೆ. ಹುಡುಗ ಒಂದೂವರೆ ತಾಸು ಜಾಲಿಯ ಕಡ್ಡಿಯಿಂದ ಕೆರೆಯುತ್ತ ಕುಳಿತ. ಎಕ್ಸೆಲ್ಲು ಊರನ್ನೆಲ್ಲ ಹೊರುತ್ತದೆ. ಇದು ಸವಾರನನ್ನು ಮಾತ್ರ ಹೊರುತ್ತದೆ ಎಂದು ಭಾವನವರು ಅಂದು ತೀರ್ಪು ಕೊಟ್ಟರು. ಹೊಲಕ್ಕೆ ಬುತ್ತಿ ಒಯ್ಯಲು ಬಾರದ, ಮೇವಿನ ಹೊರೆ ಹೇರಲು ಬಾರದ, ಒಂದು ಲೀಟರಿಗೆ ಎಕ್ಸೆಲ್ಲಿನಷ್ಟು ದೂರವೂ ಹೋಗದ ಗಾಡಿಗೆ ತಿಂಗಳು ತಿಂಗಳು ಕಂತು ತುಂಬುವುದೆಂದರೆ ಅವರ ದೃಷ್ಟಿಯಲ್ಲಿ ಎತ್ತಿಲ್ಲದ ಬಂಡಿಗೆ ಹುಲ್ಲು ಹಾಕಿದಂತೆ.

ತಂಗಿಯ ಮಾತು ಇನ್ನೂ ಚುರುಕು. ಹಾಸ್ಟೆಲು ತಪ್ಪಿದ ಮೇಲೆ ಅವಳು ಒಂದು ವರ್ಷ ಊರಿನಿಂದಲೇ ದಿನಾಲು ಬಸ್ಸಿನಲ್ಲಿ ಬಂದು ಹೋದಳು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದುದರಿಂದ ಅದು ಸಾಧ್ಯವಾಯಿತು. ಮುಂಜಾನೆಯ ಕತ್ತಲೆಯಲ್ಲಿ ಹೊರಟು ರಾತ್ರಿ ದೀಪ ಹಚ್ಚಿದ ಮೇಲೆ ಮನೆ ಸೇರುತ್ತಿದ್ದಳು. “ಅಣ್ಣನ ಗಾಡಿಗೆ ಸೀಟ್ ಎರಡು, ಕಂತು ತಿಂಗಳಾ. ನನ್ನ ಗಾಡಿಗೆ ಸೀಟ್ ಐವತ್ತು, ರೊಕ್ಕ ಇಲ್ಲ” ಎಂದು ನನ್ನೆದುರಿಗೆ ಲೆಕ್ಕ ಹೇಳಿದಳು. ನಗುತ್ತಲೇ ಹೇಳಿದಳು, ಆದರೆ ಹುಡುಗ ಅಂದು ಊಟ ಮಾಡಲಿಲ್ಲ. ಮರುದಿನದಿಂದ ಗಾಡಿಗೆ ಗಿರಾಕಿಯನ್ನು ಹುಡುಕತೊಡಗಿದ. ಈ ವರ್ಷದಿಂದ ಅವಳೂ ನಮ್ಮ ಮನೆಯಲ್ಲಿಯೇ ಇದ್ದಾಳೆ. ಮೊದಲೇ ಕರೆತರಬಾರದಿತ್ತೆ ಎಂದು ವಾಚಕರು ಕೇಳಬಹುದು. ನನ್ನ ಹೆಂಡತಿಯೂ ಕೇಳಿದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಗಿರಾಕಿಗಳು ಬಂದರು, ಗಾಡಿಯನ್ನು ಮುಟ್ಟಿ ನೋಡಿದರು, ಹತ್ತಿ ಕುಳಿತರು, ಕನ್ನಡಿಯಲ್ಲಿ ಮುಖ ನೋಡಿಕೊಂಡರು. ಎಲ್ಲರೂ ಇಪ್ಪತ್ತರ ಆಚೀಚಿನವರು. ಬೆಲೆಯ ಮಾತು ಬಂದಾಗ, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಹೋದರು. ಎಲ್ಲರ ಮನೆಯಲ್ಲಿಯೂ ಒಬ್ಬೊಬ್ಬ ಭಾವನವರು ಇದ್ದಿರಬೇಕು.

ಅಷ್ಟರಲ್ಲಿ ದೀಪಾವಳಿಯ ಸುಮಾರಿಗೆ ಭಾವನವರ ಬಲಗಾಲಿನ ಮೊಳಕಾಲು ಹಿಡಿಯಿತು. ಹುಬ್ಬಳ್ಳಿಯ ಡಾಕ್ಟರಿಗೆ ತೋರಿಸಬೇಕು. ಬಸ್ಸಿನ ಮೆಟ್ಟಿಲು ಎತ್ತರ, ಕಾಲು ಮಡಚದು. ಬಾಡಿಗೆಯ ಕ್ರೂಸರಿನಲ್ಲಿ ಹಿಂದೆ ಹತ್ತಿದರೆ ಮೊಳಕಾಲು ಎದುರಿನವರ ಮೊಳಕಾಲಿಗೆ ತಾಗುತ್ತದೆ. ಎಕ್ಸೆಲ್ಲಿನ ಮೇಲೆ ಕಾಲು ಇಳಿಬಿಟ್ಟು ನಲವತ್ತು ಕಿಲೋಮೀಟರು ಕೂಡುವುದು ಆಗದ ಮಾತು. ಅಕ್ಕ ಏನೂ ಮಾತಾಡದೆ ಒಂದು ಕೌದಿಯನ್ನು ತಂದು ಮಗನ ಗಾಡಿಯ ಹಿಂದಿನ ಪೀಠದ ಮೇಲೆ ಮಡಚಿ ಹಾಸಿದಳು. ಭಾವನವರು ಕಟ್ಟೆಯ ಮೇಲೆ ನಿಂತು, ತಗ್ಗಿನಲ್ಲಿದ್ದ ಆ ಗಾಡಿಯ ಮೇಲಿಂದ ನೋಯುವ ಕಾಲನ್ನು ಮೆಲ್ಲಗೆ ದಾಟಿಸಿ ಕುಳಿತರು. ಬೆನ್ನಿಗೆ ಮೆತ್ತೆ ಆತುಕೊಂಡಿತು. ಕಾಲು ಪೂರಾ ಮಡಚಬೇಕಾಗಲಿಲ್ಲ. ಬೇಸಿಗೆಯ ಹೊತ್ತಿಗೆ ಊರಿನ ಹಾದಿಗೆ ಕಡಿ ಹಾಕಿದ್ದರಿಂದ ಕೆ‌ಸರಿನ ಕಾಟವೂ ಇರಲಿಲ್ಲ.

ಹುಬ್ಬಳ್ಳಿಯಲ್ಲಿ ನಾನು ಅವರಿಗಾಗಿ ಕಾಯುತ್ತಿದ್ದೆ. ಬಂದು ಇಳಿದವರು ಮೊದಲು ಹೇಳಿದ್ದು ರಸ್ತೆಯುಬ್ಬುಗಳ ಲೆಕ್ಕ: “ಹದಿನೇಳು ಅದಾವ ಮಾಸ್ತರ. ಆರಕ್ಕ ಹೊಟ್ಟಿ ತಾಗತೈತಿ. ಆ ಆರು ಬಂದಾಗ ನಾ ಇಳದ ನಿಂತೆ. ದಾಟಿದ ಮ್ಯಾಲೆ ಮತ್ತ ಕುಂತೆ.” ನೋಯುವ ಮೊಳಕಾಲಿನಿಂದ ಆರು ಸಲ ಇಳಿದು ಹತ್ತುವುದು ಸುಲಭವೆ ಎಂದು ನಾನು ಕೇಳಿದೆ. ಅದಕ್ಕೆ ಅವರು ಉತ್ತರ ಕೊಡಲಿಲ್ಲ. ಡಾಕ್ಟರು ಒಂದು ತಿಂಗಳ ಗುಳಿಗೆ ಬರೆದುಕೊಟ್ಟು, ಮತ್ತೆ ತೋರಿಸಿರೆಂದರು.

ಆ ವಾರವೇ ಗದಗಿನ ಗಿರಾಕಿಯೊಬ್ಬ ಒಪ್ಪುವ ಬೆಲೆ ಹೇಳಿದ. ಹುಡುಗ ತಂದೆಗೆ ಫೋನು ಮಾಡಿದ. ನಾನು ಹತ್ತಿರವೇ ಕುಳಿತಿದ್ದೆ. ಬೆಲೆಯನ್ನು ಕೇಳಿದರು, ಉಳಿದ ಕಂತುಗಳೆಷ್ಟೆಂದು ಕೇಳಿದರು, ಬೆರಳೆಣಿಸಿದಷ್ಟು ಹೊತ್ತು ಸುಮ್ಮನಿದ್ದರು.

“ಮುಂದಿನ ತಿಂಗಳಾ ಹದಿನಾಲ್ಕಕ್ಕ ಡಾಕ್ಟರ ಕಡೆ ಹೋಗೂದೈತಿ” ಎಂದರು. “ಅದು ಆಗಲಿ. ಆ ಕೌದಿ ಗಾಡಿ ಮ್ಯಾಲೇ ಉಳದೈತೇನು, ನಿಮ್ಮವ್ವ ಹುಡುಕ್ಯಾಡಾಕತ್ಯಾಳ.”